ಮನೆಯಲ್ಲೇ ಕಿರಾಣಿ ಅಂಗಡಿ: ಮಾಡಬೇಕಾದ್ದು, ಮಾಡಬಾರದ್ದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಪಡಸಾಲೆಯಲ್ಲೋ ಮುಂದಿನ ಕೋಣೆಯಲ್ಲೋ ಅಂಗಡಿ ಇಟ್ಟವರಿಗೆ. ಅಂಗಡಿಗೆ ಬೆಂಕಿ ಬಿದ್ದರೆ ಒಳಗೆ ಮಲಗಿದ ಮಕ್ಕಳೂ ಉಳಿಯುವುದಿಲ್ಲ.

ಮಾಡಬೇಕಾದ್ದು

• ಹಿತ್ತಲ ಬಾಗಿಲನ್ನು ಹಗಲೂ ರಾತ್ರಿ ತೆರವಾಗಿಡಿ.

• ಪಟ್ಟಣ ಪಂಚಾಯಿತಿ, ಪುರಸಭೆ ಇಲ್ಲವೆ ಗ್ರಾಮ ಪಂಚಾಯಿತಿಯಿಂದ ಪರವಾನಗಿ ಪಡೆಯಿರಿ.

• ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರೆಸಿಕೊಳ್ಳಿ.

• ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಅಕ್ಕಿ, ಬೇಳೆ, ಮಂಡಕ್ಕಿ ಮಾರುವ ಪುಟ್ಟ ಅಂಗಡಿಗೂ ಕಡ್ಡಾಯ.

• ಅಂಗಡಿಗೆ ಬೇರೆ ವಾಣಿಜ್ಯ ಮೀಟರ್ ಹಾಕಿಸಿ. ಗೃಹಜ್ಯೋತಿ ಮನೆಬಳಕೆಗೆ ಮಾತ್ರ. ಮನೆ ಮೀಟರಿನಲ್ಲಿ ವ್ಯಾಪಾರ ನಡೆಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ದುಪ್ಪಟ್ಟು ದರ ಕಟ್ಟಬೇಕು. ಎಂದಿನಿಂದ ಎಂಬುದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ.

• ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಿ.

• ಅಂಗಡಿಯ ಕ್ಯೂಆರ್ ಕೋಡಿಗೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಮಗನ ಸಂಬಳ, ಮೆಕ್ಕೆಜೋಳದ ದುಡ್ಡು, ಕೈಸಾಲ ಎಲ್ಲ ಒಂದೇ ಖಾತೆಗೆ ಬಿದ್ದರೆ ಎಲ್ಲವೂ ವ್ಯಾಪಾರದ ಹಣವೆಂದೇ ಕಾಣುತ್ತದೆ. 2025ರಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದೇ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು.

• ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಿ.

• ಖರೀದಿ ಬಿಲ್ಲುಗಳನ್ನು ಜೋಪಾನ ಮಾಡಿ.

ಮಾಡಬಾರದ್ದು

• ಬಾಗಿಲಿಗೆ ಅಡ್ಡವಾಗಿ ಮೂಟೆ ಒಟ್ಟುವುದು ಬೇಡ.

• ಬಾಟಲಿಯಲ್ಲಿ ಪೆಟ್ರೋಲ್ ಮಾರಾಟ ಬೇಡ. ಅರ್ಧ ಲೀಟರೂ ಬೇಡ.

• ದೀಪಾವಳಿಗೆಂದು ಮನೆಯೊಳಗೆ ಪಟಾಕಿ ದಾಸ್ತಾನು ಮಾಡಬಾರದು. 2023ರ ಅಕ್ಟೋಬರಿನಲ್ಲಿ ಅತ್ತಿಬೆಲೆಯ ಪಟಾಕಿ ಮಳಿಗೆ ಹೊತ್ತಿ ಹತ್ತಕ್ಕೂ ಹೆಚ್ಚು ಜನ ಸತ್ತರು.

• ಮನೆಯ 14.2 ಕೆ.ಜಿ. ಸಿಲಿಂಡರಿನಲ್ಲಿ ಮಿರ್ಚಿ, ಚಹಾ ಮಾಡಿ ಮಾರಬಾರದು.

• ಹೊಲಕ್ಕೆ ತಂದ ಕ್ರಿಮಿನಾಶಕವನ್ನು ಹಿಟ್ಟು, ಬೆಲ್ಲದ ಪಕ್ಕ ಇಡುವುದು ಬೇಡ.

• ಪರವಾನಗಿಯಿಲ್ಲದೆ ಕ್ರಿಮಿನಾಶಕ ಮಾರಾಟ ಮಾಡಬಾರದು.

• ಸಾರಾಯಿ, ಬ್ರಾಂದಿ ಪ್ಯಾಕೆಟ್ ಒಂದೂ ಬೇಡ. ಹಳ್ಳಿಗಳಲ್ಲಿ ಕಿರಾಣಿ ಅಂಗಡಿ ಹಾಳಾಗುವುದು ಹೆಚ್ಚಾಗಿ ಇಲ್ಲಿಂದಲೇ. ಅಬಕಾರಿ ಕೇಸು ಬೀಳುತ್ತದೆ, ಕುಡುಕರು ಪಡಸಾಲೆಗೇ ಬಂದು ನಿಲ್ಲುತ್ತಾರೆ, ಮನೆಯ ಹೆಣ್ಣುಮಕ್ಕಳು ಅಲ್ಲೇ ಬಾಳಬೇಕು.

• ಗುಟ್ಕಾ ಬೇಡ.

• 21 ವರ್ಷ ತುಂಬದವರಿಗೆ ತಂಬಾಕು ಕೊಡಬಾರದು.

• ಸಿಗರೇಟನ್ನು ಬಿಡಿಯಾಗಿ ಮಾರಬಾರದು.

• ಅವಧಿ ಮುಗಿದ ಸರಕನ್ನು ಮಾರಬಾರದು.

• ಕೊಟ್ಟೂರು ರಥೋತ್ಸವ, ಮೈಲಾರ ಜಾತ್ರೆಯ ದಿನಗಳಲ್ಲಿ ಅಂಗಡಿಯನ್ನು ರಸ್ತೆಗೆ ಚಾಚುವುದು ಬೇಡ. ಆಂಬುಲೆನ್ಸಿಗೆ ದಾರಿ ಉಳಿಯುವುದಿಲ್ಲ.

• ಶಾಲೆ ಬಿಡಿಸಿ ಮಕ್ಕಳನ್ನು ಗಲ್ಲಾಕ್ಕೆ ಕೂರಿಸುವುದು ಬೇಡ.