ಲೋಳೆ ಬಿಡುವುದು ಹೇಗೆ?
ಕಾಫಿ ಬೀಜದೊಳಗಿನ ನಾಲ್ಕು ಬೃಹದಣುಗಳ ಪರಿಚಯ



ಕಳೆದ ತಿಂಗಳ ಸಭೆ ಮುಗಿದ ಮೇಲೆ ಸದಸ್ಯರೊಬ್ಬರು ಒಂದು ಪ್ರಶ್ನೆ ಹಾಕಿದರು. "ಪಲ್ಪ್ ಮಾಡಿದ ಅರೇಬಿಕಾವನ್ನು 24ರಿಂದ 36 ಗಂಟೆ ಹುಳಿಯಲು ಬಿಡಬೇಕೆನ್ನುತ್ತಾರೆ. ನಮ್ಮ ತೊಟ್ಟಿಯಲ್ಲಿ ಒಂದು ಸಲ 20 ಗಂಟೆಗೇ ಲೋಳೆ ಬಿಟ್ಟಿತು. ಚಳಿ ಬಿದ್ದ ವಾರ 40 ಗಂಟೆಯಾದರೂ ಬಿಡಲಿಲ್ಲ. ಯಾವುದನ್ನು ನಂಬುವುದು?"

ಎರಡು ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಪತ್ರಿಕೆಯಲ್ಲಿ ಬರೆಯುತ್ತೇನೆಂದು ಒಪ್ಪಿಕೊಂಡೆ. ನಾನು ಬಿ.ಎಸ್ಸಿ. ಓದಿ ಮೂವತ್ತು ವರ್ಷಗಳ ಮೇಲಾಯಿತು. ಆದ್ದರಿಂದ ಪಿ.ಯು.ಸಿ. ಓದುತ್ತಿರುವ ಅಣ್ಣನ ಮಗಳ ಪುಸ್ತಕವನ್ನು ಎರಡು ರಾತ್ರಿ ಎರವಲು ಪಡೆದು, ಮರೆತದ್ದನ್ನು ನೆನಪಿಗೆ ತಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮಣಿ ಮತ್ತು ಸರ

ಜೀವವಿರುವ ಎಲ್ಲದರ ಒಡಲೂ, ನೀರನ್ನು ಬಿಟ್ಟರೆ, ಬಹುಪಾಲು ನಾಲ್ಕು ಬಗೆಯ ದೊಡ್ಡ ಅಣುಗಳಿಂದ ಆಗಿದೆ. ಇವುಗಳಿಗೆ ಬೃಹದಣುಗಳೆಂದು ಹೆಸರು. ಸಣ್ಣ ಅಣುಗಳನ್ನು ಮಣಿಗಳಂತೆ ಪೋಣಿಸಿದ ಸರಗಳೇ ಇವು ಎಂದು ತಿಳಿದರೆ ಅರ್ಧ ಪಾಠ ಮುಗಿದಂತೆ. ಎರಡು ಮಣಿಗಳು ಕೂಡುವಾಗ ಅವುಗಳ ನಡುವಿನಿಂದ ನೀರಿನ ಒಂದು ಅಣು ಹೊರಬೀಳುತ್ತದೆ. ಆ ಕೊಂಡಿ ಬಿಡಿಸಬೇಕಾದರೆ ನೀರಿನ ಒಂದು ಅಣು ಮತ್ತೆ ಒಳಸೇರಬೇಕು. ಆದರೆ ಬರಿಯ ನೀರಿನಿಂದ ಈ ಕೆಲಸ ಬೇಗ ಆಗದು. ಕಿಣ್ವವೆಂಬ ಬೀಗದಕೈ ಬೇಕು. ನೀರು ಮತ್ತು ಕಿಣ್ವ, ಈ ಎರಡನ್ನು ನೆನಪಿಡತಕ್ಕದ್ದು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

1. ಶರ್ಕರಪಿಷ್ಟಗಳು

ಇವುಗಳ ಮಣಿ ಸಕ್ಕರೆಯ ಸರಳ ಅಣು. ಗ್ಲೂಕೋಸ್ ಮಣಿಗಳನ್ನು ಒಂದು ರೀತಿ ಪೋಣಿಸಿದರೆ ಅಕ್ಕಿಯ ಪಿಷ್ಟವಾಗುತ್ತದೆ. ಅದೇ ಮಣಿಗಳನ್ನು ಇನ್ನೊಂದು ರೀತಿ ಪೋಣಿಸಿದರೆ ಹುಲ್ಲಿನ ನಾರು, ಅಂದರೆ ಸೆಲ್ಯುಲೋಸ್. ಮಣಿ ಒಂದೇ, ಕೊಂಡಿ ಬೇರೆ. ಅನ್ನ ನಮಗೆ ದಕ್ಕುತ್ತದೆ, ಹುಲ್ಲು ದಕ್ಕುವುದಿಲ್ಲ. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳ ಬಳಿ ಆ ಕೊಂಡಿಯ ಬೀಗದಕೈ ಇರುವುದರಿಂದ ಅದಕ್ಕೆ ದಕ್ಕುತ್ತದೆ.

ಕಾಫಿ ಬೀಜದ ಒಣತೂಕದಲ್ಲಿ ಸುಮಾರು ಅರ್ಧದಷ್ಟು ಇಂಥ ಸರಗಳೇ. ಬೀಜದ ಕಲ್ಲಿನಂಥ ಗಟ್ಟಿತನ ಇವುಗಳಿಂದ. ನಮ್ಮ ಪ್ರಶ್ನೆಗೆ ಸಂಬಂಧಪಟ್ಟ ಲೋಳೆಯಲ್ಲಿರುವುದು ಮುಖ್ಯವಾಗಿ ಪೆಕ್ಟಿನ್. ಸೀಬೆಹಣ್ಣಿನ ಜೆಲ್ಲಿ ಗಟ್ಟಿಯಾಗುವುದು ಇದರಿಂದಲೇ. ಇದರ ಮಣಿ ಗ್ಯಾಲಕ್ಟ್ಯುರೋನಿಕ್ ಆಮ್ಲ, ಅದೂ ಸಕ್ಕರೆಯ ವಂಶದ್ದೇ. ಪೆಕ್ಟಿನ್ ಸರಗಳು ನೀರನ್ನು ಹಿಡಿದುಕೊಂಡು ಅಂಟಾಗಿ ನಿಲ್ಲುತ್ತವೆ. ಅದಕ್ಕೇ ಪಲ್ಪರಿನಿಂದ ಬಂದ ಬೀಜವನ್ನು ಎಷ್ಟು ತೊಳೆದರೂ ಜಾರುತ್ತಲೇ ಇರುತ್ತದೆ.

2. ಸಸಾರಜನಕಗಳು

ಇವುಗಳ ಮಣಿ ಅಮೈನೋ ಆಮ್ಲ. ಮಣಿಯ ಬಗೆ 20. ಅಕ್ಷರಗಳ ಜೋಡಣೆಯಿಂದ ಲಕ್ಷ ಪದಗಳಾಗುವಂತೆ ಈ 20ರಿಂದ ಲೆಕ್ಕವಿಲ್ಲದಷ್ಟು ಸಸಾರಜನಕಗಳು ಆಗುತ್ತವೆ. ಪ್ರತಿ ಸರವೂ ತನ್ನದೇ ರೀತಿ ಮಡಿಚಿಕೊಳ್ಳುತ್ತದೆ. ಆ ಮಡಿಕೆಯಲ್ಲೇ ಅದರ ಕೆಲಸ. ಮಡಿಕೆ ಕೆಟ್ಟರೆ ಕೆಲಸ ಕೆಟ್ಟಿತು. ಬೆಂದ ಮೊಟ್ಟೆ ಮತ್ತೆ ಹಸಿಯಾಗದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿನ ತಾಮ್ರವೂ ರೋಗಾಣುವಿನ ಸಸಾರಜನಕಗಳಿಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ.

ಮೇಲೆ ಹೇಳಿದ ಬೀಗದಕೈಗಳು, ಅಂದರೆ ಕಿಣ್ವಗಳು, ಬಹುತೇಕ ಎಲ್ಲವೂ ಸಸಾರಜನಕಗಳೇ. ಚಳಿಯಲ್ಲಿ ಅವು ನಿಧಾನ, ಬೆಚ್ಚಗಿದ್ದರೆ ಚುರುಕು, ಕುದಿಸಿದರೆ ಹಾಳು.

3. ಕೊಬ್ಬು ಮತ್ತು ಎಣ್ಣೆ

ಇವು ನಿಜವಾಗಿ ಸರಗಳಲ್ಲ. ಗ್ಲಿಸರಾಲ್ ಎಂಬ ಒಂದು ಅಣುವಿಗೆ ಮೂರು ಮೇದಾಮ್ಲಗಳು ತಗುಲಿಕೊಂಡರೆ ಎಣ್ಣೆ. ರೂಢಿಯಿಂದ ಇದನ್ನೂ ನಾಲ್ಕರಲ್ಲಿ ಸೇರಿಸುತ್ತಾರೆ. ಅರೇಬಿಕಾ ಬೀಜದಲ್ಲಿ ಸುಮಾರು ಶೇ 15, ರೊಬಸ್ಟಾದಲ್ಲಿ ಸುಮಾರು ಶೇ 10 ಎಣ್ಣೆಯಿದೆ. ಜೀವಕೋಶದ ಪೊರೆಯೂ ಇದೇ ಜಾತಿಯ ಅಣುಗಳಿಂದ ಆದದ್ದು. ಅತಿ ಬಿಸಿಯಲ್ಲಿ ಅವಸರದಿಂದ ಒಣಗಿಸಿದರೆ ಪೊರೆ ಒಡೆದು ಎಣ್ಣೆ ಹೊರಬರುತ್ತದೆ. ಹಳೆಯ ಕೊಬ್ಬರಿ ಕಮಟುವುದನ್ನು ಕಂಡವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ.

4. ನ್ಯೂಕ್ಲಿಯಿಕ್ ಆಮ್ಲಗಳು

ಇವುಗಳ ಮಣಿ ನ್ಯೂಕ್ಲಿಯೋಟೈಡ್. ಒಂದು ಸಕ್ಕರೆ, ಒಂದು ಫಾಸ್ಫೇಟ್, ಒಂದು ಸಾರಜನಕಯುಕ್ತ ಪ್ರತ್ಯಾಮ್ಲ ಸೇರಿ ಒಂದು ಮಣಿ. ಡಿ.ಎನ್.ಎ.ಯಲ್ಲಿ ಮಣಿಯ ಬಗೆ ನಾಲ್ಕೇ. ಅದರ ಎರಡೆಳೆಯ ಹೊಸೆದ ರೂಪವನ್ನು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಪ್ರಕಟಿಸಿದರು. ಯಾವ ಸಸಾರಜನಕದಲ್ಲಿ ಯಾವ ಅಮೈನೋ ಆಮ್ಲ ಎಷ್ಟನೆಯದೆಂಬ ಬರಹ ಇದರಲ್ಲಿದೆ. ಅರೇಬಿಕಾದಲ್ಲಿ ಈ ಬರಹ 44 ವರ್ಣತಂತುಗಳಲ್ಲಿ, ರೊಬಸ್ಟಾದಲ್ಲಿ 22ರಲ್ಲಿ ಅಡಗಿದೆ. ನಮ್ಮಲ್ಲನೇಕರ ತೋಟದಲ್ಲಿರುವ, ಬಾಳೆಹೊನ್ನೂರಿನಲ್ಲಿ ಬೆಳೆಸಿದ ಎಸ್. 795 ತಳಿಗೆ ಎಲೆ ತುಕ್ಕುರೋಗ ತಡೆಯುವ ಶಕ್ತಿ ಬಂದದ್ದು ಲೈಬೀರಿಕಾ ಕಾಫಿಯಿಂದ ಸೇರಿದ ಇಂಥ ಬರಹದ ಒಂದು ತುಣುಕಿನಿಂದ. ಕಾಲಕ್ರಮದಲ್ಲಿ ರೋಗಾಣುವಿನ ಹೊಸ ಬಗೆಗಳು ಬಂದು ಆ ಶಕ್ತಿ ಕುಂದಿರುವುದು ನಿಮಗೆ ತಿಳಿದದ್ದೇ.

ಗೊಬ್ಬರದ ಲೆಕ್ಕವನ್ನೂ ಇಲ್ಲಿಯೇ ನೋಡಬಹುದು. ನಾವು ಹಾಕುವ ಸಾರಜನಕ ಸಸಾರಜನಕಕ್ಕೂ ನ್ಯೂಕ್ಲಿಯಿಕ್ ಆಮ್ಲಕ್ಕೂ ಬೇಕು. ರಂಜಕ ನ್ಯೂಕ್ಲಿಯಿಕ್ ಆಮ್ಲಕ್ಕೆ ಬೇಕು. ಪೊಟ್ಯಾಷ್ ಯಾವ ಸರದಲ್ಲೂ ಮಣಿಯಾಗಿ ಸೇರುವುದಿಲ್ಲ. ಆದರೆ ಅನೇಕ ಕಿಣ್ವಗಳು ಅದಿಲ್ಲದೆ ಕೆಲಸ ಮಾಡವು.

ತೊಟ್ಟಿಯೊಳಗೆ ನಡೆಯುವುದು

ಈಗ ಪ್ರಶ್ನೆಗೆ ಬರೋಣ. ತೊಟ್ಟಿಯಲ್ಲಿ ಹಣ್ಣಿನ ಕಿಣ್ವಗಳೂ, ಸಿಪ್ಪೆಯ ಮೇಲಿಂದ ಬಂದ ಸೂಕ್ಷ್ಮಜೀವಿಗಳ ಕಿಣ್ವಗಳೂ ಪೆಕ್ಟಿನ್ ಸರವನ್ನು ತುಂಡರಿಸುತ್ತವೆ. ಸರ ತುಂಡಾದಾಗ ಅಂಟು ಹೋಗಿ ಲೋಳೆ ನೀರಿನಲ್ಲಿ ತೊಳೆದುಹೋಗುತ್ತದೆ. ರೊಬಸ್ಟಾದ ಲೋಳೆ ದಪ್ಪ, ಆದ್ದರಿಂದ ಹೆಚ್ಚು ಹೊತ್ತು ಬೇಕು. ಕಿಣ್ವದ ವೇಗ ಹವೆಯಂತೆ ಬದಲಾಗುವುದರಿಂದ ಗಂಟೆಯ ಲೆಕ್ಕವೂ ಬದಲಾಗಲೇಬೇಕು. ಪ್ರಶ್ನೆ ಕೇಳಿದ ಸದಸ್ಯರ 20 ಗಂಟೆಯೂ ಸರಿ, 40 ಗಂಟೆಯೂ ಸರಿ. ಪುಸ್ತಕದ 24–36 ಒಂದು ಅಂದಾಜು ಮಾತ್ರ.

ಆದರೆ ಲೋಳೆ ಮುಗಿದ ಮೇಲೆ ಸೂಕ್ಷ್ಮಜೀವಿಗಳು ಎದ್ದು ಹೋಗುವುದಿಲ್ಲ. ಉಳಿದ ಸಕ್ಕರೆಯನ್ನು ತಿಂದು ಹುಳಿ ಆಮ್ಲಗಳನ್ನು ಮಾಡುತ್ತಲೇ ಇರುತ್ತವೆ. ಆ ವಾಸನೆ ಬೀಜಕ್ಕೆ ಹತ್ತಿದರೆ ಯಾವ ತೊಳೆತಕ್ಕೂ ಬಿಡದು.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ಮೋಡ ಕವಿದು ಸೆಕೆಯಾಗಿದ್ದ ಜನವರಿಯ ಒಂದು ದಿನ, ಸಂಘದ ಲೆಕ್ಕಪತ್ರದ ಕೆಲಸಕ್ಕೆ ಪೇಟೆಗೆ ಹೊರಡುವಾಗ "36 ಗಂಟೆಗೆ ತೊಳೆಯಿರಿ" ಎಂದು ಆಳುಗಳಿಗೆ ಹೇಳಿ ಹೋದೆ. ಅವರು ಹೇಳಿದಂತೆಯೇ ಮಾಡಿದರು. ಹಿಂದಿನ ದಿನದ ತೊಟ್ಟಿಯನ್ನು ಸರಿಯಾಗಿ ತೊಳೆಸಿರಲಿಲ್ಲ, ಅದೂ ನನ್ನದೇ ಉದಾಸೀನ. ಹಾಲಿಗೆ ಹೆಪ್ಪು ಹಾಕಿದಂತೆ ಹಳೆಯ ಲೋಳೆ ಹೊಸದನ್ನು ಬೇಗ ಹುಳಿಸಿತು. ನಾನು ಬಂದು ಮುಚ್ಚಳ ತೆಗೆದಾಗಲೇ ಮೂಗಿಗೆ ಗೊತ್ತಾಯಿತು. ಆದರೂ ಒಣಗಿಸಿ, ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಸದಸ್ಯರೆಲ್ಲರ ಒಟ್ಟು ಮಾಲಿನಲ್ಲಿ ಸೇರಿಸಿದೆ. ಕುದಿನೀರು ಹಾಕಿ ರುಚಿ ನೋಡಿದವರು ಇಡೀ ಲಾಟಿಗೆ ಬೆಲೆ ಕಡಿತ ಮಾಡಿದರು. ಐದು ಮೂಟೆಯ ತಪ್ಪಿಗೆ ಹನ್ನೊಂದು ಮನೆಯವರು ದಂಡ ತೆತ್ತರು. ಆ ವರ್ಷ ಕಾರ್ಯದರ್ಶಿಯಾಗಿ ಲೆಕ್ಕ ಓದಿದವನು ನಾನೇ. ಯಾರೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಕಣ ಮತ್ತು ಗೊಬ್ಬರಗುಂಡಿ

ಕಣದಲ್ಲಿ ನಮ್ಮ ಕೆಲಸ ಇದಕ್ಕೆ ತದ್ವಿರುದ್ಧ. ನೀರನ್ನು ತೆಗೆದರೆ ಕಿಣ್ವ ನಿಲ್ಲುತ್ತದೆ, ಬೂಷ್ಟು ಬೆಳೆಯದು, ಸರಗಳು ಇದ್ದಂತೆ ಉಳಿಯುತ್ತವೆ. ಪಾರ್ಚ್‌ಮೆಂಟನ್ನು ಶೇ 10ರ ತೇವಾಂಶಕ್ಕೆ ತರಬೇಕೆನ್ನುವುದು ಇದಕ್ಕಾಗಿ. ಗೊಬ್ಬರಗುಂಡಿಯಲ್ಲಿ ಮತ್ತೆ ಸರ ಬಿಡಿಸುವ ಕೆಲಸ, ಆದ್ದರಿಂದ ತೇವ ಬೇಕು. ಅಡಿಕೆ ಸಿಪ್ಪೆಯಲ್ಲಿ ಸೆಲ್ಯುಲೋಸ್ ಜೊತೆಗೆ ಲಿಗ್ನಿನ್ ಎಂಬ ಹಟಮಾರಿ ಬೃಹದಣು ಇರುವುದರಿಂದ ಅದು ಬೇಗ ಕೊಳೆಯದು. ಸಗಣಿ ಬಗ್ಗಡ ಬೆರೆಸಿದರೆ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಿಕ್ಕಿ ಕೆಲಸ ಚುರುಕಾಗುತ್ತದೆ.

ಈ ಹಂಗಾಮಿನಲ್ಲಿ ಮಾಡತಕ್ಕದ್ದು

ಪಲ್ಪ್ ಮಾಡಿದ ದಿನವೇ ಪಲ್ಪರನ್ನೂ, ಖಾಲಿಯಾದೊಡನೆ ತೊಟ್ಟಿಯನ್ನೂ ತೊಳೆಯಿರಿ.

ಒಂದು ದಿನದ ಬೀಜದ ಮೇಲೆ ಇನ್ನೊಂದು ದಿನದ್ದನ್ನು ಸುರಿಯಬೇಡಿ.

ಗಡಿಯಾರವನ್ನು ನೋಡಿ, ಆದರೆ ಕೈಯನ್ನು ನಂಬಿ. ಒಂದು ಹಿಡಿ ಬೀಜ ತೊಳೆದು ಹಿಸುಕಿದಾಗ ಜಾರದೆ ಹರಳುಕಲ್ಲಿನಂತೆ ಗರಗರ ಎಂದರೆ ಲೋಳೆ ಬಿಟ್ಟಿದೆ. ರಾತ್ರಿಯಾದರೂ ಸರಿ, ಆಗಲೇ ತೊಳೆಯಿರಿ.

ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ. ಅದರಲ್ಲಿರುವ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಂಡು ಮೀನುಗಳನ್ನು ಸಾಯಿಸುತ್ತವೆ.

ಹುಳಿವಾಸನೆ ಬಂದ ಬೀಜವಿದ್ದರೆ ಬೇರೆ ಮೂಟೆಯಲ್ಲಿ ಕಟ್ಟಿ ನಮಗೆ ತಿಳಿಸಿರಿ. ಅದನ್ನು ಬೇರೆಯಾಗಿಯೇ ಮಾರಿಕೊಡಲು ಸಂಘ ಏರ್ಪಾಡು ಮಾಡುತ್ತದೆ. ಇದರಲ್ಲಿ ನಾಚಿಕೆಯೇನೂ ಇಲ್ಲ. ಮುಚ್ಚಿಟ್ಟು ಒಟ್ಟು ಮಾಲಿಗೆ ಸೇರಿಸುವುದೇ ನಾಚಿಕೆ ಎಂಬುದನ್ನು ನಾನು ಬಲ್ಲೆ.

— ಕಾರ್ಯದರ್ಶಿ