ಚಂಡಮಾರುತದ ಮುನ್ಸೂಚನೆಯಿಂದ ನದಿಯ ಏರಿಕೆಯವರೆಗೆ: ತುಂಗಾ–ಭದ್ರಾ ತೀರದ ಗ್ರಾಮ ಪಂಚಾಯಿತಿಗಳ ಸಿದ್ಧತೆ

(ಚುನಾಯಿತ ಪ್ರತಿನಿಧಿಗಳ ಅಧ್ಯಯನಕ್ಕಾಗಿ)

ಚಂಡಮಾರುತವೆಂದರೆ ಕರಾವಳಿಯವರ ಚಿಂತೆ, ಘಟ್ಟದ ಮೇಲಿನವರಿಗೆ ಅದರಿಂದ ಎರಡು ದಿನದ ಮೋಡವಷ್ಟೇ ಎಂಬ ಭಾವನೆ ಶಿವಮೊಗ್ಗ ಜಿಲ್ಲೆಯಲ್ಲಿ ಬಹುಕಾಲದಿಂದ ಇದೆ. 2021ರ ಮೇ ತಿಂಗಳಿನ ತೌಕ್ತೆ ಚಂಡಮಾರುತವು ಈ ಭಾವನೆಯನ್ನು ಸಡಿಲಿಸಿತು. ಲಕ್ಷದ್ವೀಪದ ಸಮೀಪ ರೂಪುಗೊಂಡು, ಪಶ್ಚಿಮ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ, ಮೇ 17ರ ರಾತ್ರಿ ಗುಜರಾತಿನ ತೀರವನ್ನು ದಾಟಿದ ಆ ಚಂಡಮಾರುತವು ಕರ್ನಾಟಕದ ನೆಲವನ್ನು ನೇರವಾಗಿ ಮುಟ್ಟಲೇ ಇಲ್ಲ. ಆದರೂ ಬಾಧಿತ ಜಿಲ್ಲೆಗಳ ಪಟ್ಟಿಯಲ್ಲಿ ಮೂರು ಕರಾವಳಿ ಜಿಲ್ಲೆಗಳೊಂದಿಗೆ ಕೊಡಗು, ಹಾಸನ, ಚಿಕ್ಕಮಗಳೂರು ಮತ್ತು ಶಿವಮೊಗ್ಗ ಜಿಲ್ಲೆಗಳೂ ಸೇರಿದ್ದವು.

ಗಾಳಿಯ ವೇಗ ಗಂಟೆಗೆ 62 ಕಿ.ಮೀ. ತಲುಪಿದಾಗ ಭಾರತೀಯ ಹವಾಮಾನ ಇಲಾಖೆಯು ಅದನ್ನು ಚಂಡಮಾರುತವೆಂದು ಕರೆದು ಹೆಸರು ಕೊಡುತ್ತದೆ. ಅಮೆರಿಕದ ಕಡೆ ಹರಿಕೇನ್, ಜಪಾನಿನ ಕಡೆ ಟೈಫೂನ್ ಎನಿಸಿಕೊಳ್ಳುವುದೂ ಇದೇ ಜಾತಿಯದು. ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಗಳಲ್ಲಿ ಇದರ ಕಾಲ ಎರಡು: ಮುಂಗಾರಿಗೆ ಮೊದಲು ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮತ್ತೊಮ್ಮೆ. ಘಟ್ಟವನ್ನು ಏರುವ ಹೊತ್ತಿಗೆ ಗಾಳಿಯ ಬಲ ಬಹಳಷ್ಟು ಕುಂದುತ್ತದೆ; ಮಳೆಯ ಬಲ ಕುಂದುವುದಿಲ್ಲ. ಆದ್ದರಿಂದ ಈ ಜಿಲ್ಲೆಯ ಮಟ್ಟಿಗೆ ಚಂಡಮಾರುತದ ಸಿದ್ಧತೆಯೆಂದರೆ ಬಹುಪಾಲು ನೀರಿನ ಸಿದ್ಧತೆಯೇ.

ಹೆಸರಿಗಾಗಿ ಕಾಯುವುದೂ ಸರಿಯಲ್ಲ. 2019ರ ಆಗಸ್ಟ್ ಎರಡನೆಯ ವಾರದಲ್ಲಿ ಯಾವ ಹೆಸರಿನ ಚಂಡಮಾರುತವೂ ಇರಲಿಲ್ಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಮುಂಗಾರಿಗೆ ಬಲ ಕೊಟ್ಟಿತ್ತು, ಅಷ್ಟೇ. ಶಿವಮೊಗ್ಗ ನಗರದ ಇಮಾಮ್‌ಬಾಡ, ಕುಂಬಾರಗುಂಡಿ, ಸೀಗೆಹಟ್ಟಿ, ವಿದ್ಯಾನಗರಗಳ ಮನೆಗಳೊಳಗೆ ತುಂಗೆ ಬಂದಳು. ಭದ್ರಾವತಿಯ ಕವಲಗುಂದಿ ಮೊದಲಾದ ತಗ್ಗು ಪ್ರದೇಶಗಳಿಗೆ ಭದ್ರೆ ನುಗ್ಗಿದಳು. ಇವುಗಳಲ್ಲಿ ಬಹುತೇಕ ನಗರಾಡಳಿತದ ವಾರ್ಡುಗಳು, ನಿಜ. ಆದರೆ ಆ ನೀರು ಅಲ್ಲಿಗೆ ತಲುಪುವ ಮೊದಲೂ ಅನಂತರವೂ ಹಾಯುವುದು ಗ್ರಾಮ ಪಂಚಾಯಿತಿಗಳ ಗಡಿಯೊಳಗೆ.

ಎರಡು ನದಿ, ಎರಡು ಲೆಕ್ಕ

ತುಂಗೆಯೂ ಭದ್ರೆಯೂ ಗಂಗಾಮೂಲದಲ್ಲೇ ಹುಟ್ಟಿ, ಕೂಡ್ಲಿಯಲ್ಲಿ ಸೇರುತ್ತವೆ. ಆದರೆ ಪ್ರವಾಹದ ದೃಷ್ಟಿಯಿಂದ ಇವೆರಡರ ಸ್ವಭಾವ ಬೇರೆ. ಸದಸ್ಯರು ಇದನ್ನು ಅಂಕಿಗಳಲ್ಲಿ ತಿಳಿದುಕೊಳ್ಳುವುದು ಒಳ್ಳೆಯದು. ಪತ್ರಿಕೆಯಲ್ಲಿ ಬರುವ 'ಕ್ಯುಸೆಕ್' ಎಂಬ ಪದವನ್ನು ಓದಿ ಮುಂದೆ ಸಾಗುವವರೇ ಹೆಚ್ಚು.

ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಗಾಜನೂರಿನ ತುಂಗಾ ಅಣೆಕಟ್ಟಿನ ಸಾಮರ್ಥ್ಯ 3.24 ಟಿಎಂಸಿ. ಒಳಹರಿವು 50,000 ಕ್ಯುಸೆಕ್ ಇದ್ದರೆ, ಅಣೆಕಟ್ಟು ಪೂರ್ತಿ ಬರಿದಾಗಿದ್ದರೂ ತುಂಬಲು 64,800 ಸೆಕೆಂಡು, ಅಂದರೆ 18 ಗಂಟೆ ಸಾಕು. ವಾಸ್ತವದಲ್ಲಿ ಮಳೆಗಾಲ ಆರಂಭವಾದ ಕೆಲವೇ ವಾರಗಳಲ್ಲಿ ಅದು ತುಂಬಿರುತ್ತದೆ. ಬಳಿಕ ಶೃಂಗೇರಿ, ಆಗುಂಬೆ, ತೀರ್ಥಹಳ್ಳಿಗಳಿಂದ ಬಂದ ನೀರು ಬಂದಷ್ಟೇ ಪ್ರಮಾಣದಲ್ಲಿ ಶಿವಮೊಗ್ಗದ ಕಡೆಗೆ ಹೊರಡುತ್ತದೆ. ಹಿಡಿದಿಡಲು ಜಾಗವಿಲ್ಲದ ಅಣೆಕಟ್ಟಿನ ಮೇಲೆ 'ಏಕಾಏಕಿ ನೀರು ಬಿಟ್ಟರು' ಎಂಬ ಆರೋಪ ಹೊರಿಸುವ ಮೊದಲು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಲಕ್ಕವಳ್ಳಿಯ ಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 71.5 ಟಿಎಂಸಿ, ಗರಿಷ್ಠ ಮಟ್ಟ 186 ಅಡಿ. ಅದೇ 50,000 ಕ್ಯುಸೆಕ್ ಒಳಹರಿವಿಗೆ ಅದು ಬರಿದಿನಿಂದ ತುಂಬಲು ಹದಿನಾರು ದಿನಗಳಿಗೂ ಹೆಚ್ಚು ಬೇಕು. ಆದ್ದರಿಂದ ಜೂನ್ ತಿಂಗಳ ಭಾರಿ ಮಳೆಯನ್ನು ಜಲಾಶಯವೇ ನುಂಗಿಕೊಳ್ಳುತ್ತದೆ, ಭದ್ರಾವತಿಯವರು ನಿಶ್ಚಿಂತರಾಗಿರುತ್ತಾರೆ. ಅಪಾಯವಿರುವುದು ಈ ನಿಶ್ಚಿಂತೆಯಲ್ಲೇ. ಮಟ್ಟವು 180 ಅಡಿ ದಾಟಿದ ಮೇಲೆ ಭದ್ರೆಯೂ ತುಂಗೆಯಂತೆಯೇ ವರ್ತಿಸತೊಡಗುತ್ತದೆ. ಅಕ್ಟೋಬರ್–ನವೆಂಬರಿನ ಚಂಡಮಾರುತದ ಮಳೆ ಬರುವುದು ಎರಡೂ ಅಣೆಕಟ್ಟುಗಳು ತುಂಬಿರಬಹುದಾದ ಕಾಲದಲ್ಲಿ. ಮಳೆಗಾಲ ಮುಗಿಯಿತೆಂದು ಮರಳಿನ ಚೀಲ, ಹಗ್ಗ, ಟಾರ್ಚುಗಳನ್ನು ಕಟ್ಟಿ ಅಟ್ಟಕ್ಕೇರಿಸಿದ ಪಂಚಾಯಿತಿಯು ಆಗ ಬರಿಗೈಯಲ್ಲಿ ನಿಲ್ಲುತ್ತದೆ.

ಕೂಡ್ಲಿಯ ಸುತ್ತಲಿನ ಗ್ರಾಮಗಳಿಗೆ ಮೂರನೆಯ ಲೆಕ್ಕವೊಂದಿದೆ. ಎರಡೂ ನದಿಗಳು ಏಕಕಾಲಕ್ಕೆ ಉಕ್ಕಿದರೆ ಒಂದರ ನೀರು ಮತ್ತೊಂದನ್ನು ತಡೆದು ನಿಲ್ಲಿಸುತ್ತದೆ. ಆಗ ಮಟ್ಟವು ಹೊರಹರಿವಿನ ಅಂಕಿ ಸೂಚಿಸುವುದಕ್ಕಿಂತ ಹೆಚ್ಚು ಏರುತ್ತದೆ, ಇಳಿಯಲು ಹೆಚ್ಚು ಕಾಲ ಹಿಡಿಯುತ್ತದೆ.

ಯಾರ ಮಳೆಯನ್ನು ನೋಡಬೇಕು?

ಆಗುಂಬೆಯ ವಾರ್ಷಿಕ ಮಳೆ 7,000 ಮಿ.ಮೀ. ಮೀರುತ್ತದೆ. ಭದ್ರಾವತಿಯದು ಅದರ ಸಣ್ಣದೊಂದು ಪಾಲು. ತಮ್ಮೂರಿನಲ್ಲಿ ಬಿಸಿಲಿದ್ದಾಗಲೂ ಹೊಳೆ ಏರಬಹುದೆಂಬುದು ಹಿರಿಯರಿಗೆ ತಿಳಿದ ವಿಷಯ, ಕಿರಿಯರಿಗೆ ಹೇಳಿಕೊಡಬೇಕಾದ ವಿಷಯ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಹೊಂದಿದೆ. ತುಂಗಾ ತೀರದ ಸದಸ್ಯರು ತೀರ್ಥಹಳ್ಳಿ ಮತ್ತು ಶೃಂಗೇರಿ ಕಡೆಯ ಅಂಕಿಗಳನ್ನೂ, ಭದ್ರಾ ತೀರದವರು ಕಳಸ, ಬಾಳೆಹೊನ್ನೂರು ಕಡೆಯ ಅಂಕಿಗಳನ್ನೂ ಜಲಾಶಯದ ಮಟ್ಟವನ್ನೂ ನಿತ್ಯ ಗಮನಿಸಬೇಕು.

ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ.ವರೆಗಿನದು ಭಾರಿ ಮಳೆ, 204.4 ಮಿ.ಮೀ.ವರೆಗಿನದು ಅತಿ ಭಾರಿ, ಅದನ್ನು ಮೀರಿದ್ದು ಅತ್ಯಂತ ಭಾರಿ. ಹಳದಿ ಎಂದರೆ ಗಮನದಲ್ಲಿರಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕಾರ್ಯಪ್ರವೃತ್ತರಾಗಿ. ಕೆಂಪು ಬಂದ ಮೇಲೆ ತುರ್ತು ಸಭೆ ಕರೆಯುವ ರೂಢಿ ಕೆಲವೆಡೆ ಇದೆ. ಆ ಸಭೆ ಕಿತ್ತಳೆಯ ದಿನವೇ ಮುಗಿದಿರಬೇಕಾದದ್ದು.

ನದೀತೀರದ ಜನರಿಗೆ ತಮ್ಮದೇ ಗುರುತುಗಳಿವೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ, ತೀರ್ಥಹಳ್ಳಿಯಲ್ಲಿ ರಾಮಮಂಟಪ, ಭದ್ರಾವತಿಯಲ್ಲಿ ಹೊಸ ಸೇತುವೆ ಮುಳುಗಿತೇ ಎಂದು ಕೇಳುವ ಜನ ಈಗಲೂ ಇದ್ದಾರೆ. ಇಂತಹ ಗುರುತುಗಳನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬಾರದು. ಕ್ರಸ್ಟ್ ಗೇಟುಗಳಿಂದ ಎಷ್ಟು ಕ್ಯುಸೆಕ್ ಬಿಟ್ಟ ಎಷ್ಟು ಗಂಟೆಗೆ ತಮ್ಮೂರ ಘಟ್ಟದ ಯಾವ ಮೆಟ್ಟಿಲು ಮುಳುಗಿತು ಎಂಬುದನ್ನು ಮೂರು ಮಳೆಗಾಲ ಬರೆದಿಟ್ಟರೆ, ಆ ಗ್ರಾಮಕ್ಕೆ ಯಾವ ಕಚೇರಿಯೂ ಕೊಡಲಾರದಂತಹ ಮುನ್ಸೂಚನಾ ಪಟ್ಟಿ ದೊರೆಯುತ್ತದೆ. ನೀರುಗಂಟಿಯ ಪುಸ್ತಕದಲ್ಲಿ ಇದಕ್ಕೊಂದು ಪುಟ ಸಾಕು.

ಮನೆ ಬಿಡಲೊಲ್ಲದವರು

2005ರ ವಿಪತ್ತು ನಿರ್ವಹಣಾ ಅಧಿನಿಯಮದ 41ನೇ ಪ್ರಕರಣವು ಸ್ಥಳೀಯ ಪ್ರಾಧಿಕಾರಗಳಿಗೆ ಸಿಬ್ಬಂದಿಯ ತರಬೇತಿ, ಸಾಧನಗಳ ಸಿದ್ಧತೆ ಮತ್ತು ಪರಿಹಾರ ಕಾರ್ಯದ ಹೊಣೆ ನೀಡಿದೆ. ಆದರೆ ಸದಸ್ಯರ ನಿಜವಾದ ಬಲ ಇರುವುದು ಪ್ರಕರಣದಲ್ಲಿ ಅಲ್ಲ. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಯಾರಿಗೆ ದಿನ ತುಂಬಿದೆ, ಯಾರು ವಾರಕ್ಕೆ ಎರಡು ಬಾರಿ ಡಯಾಲಿಸಿಸ್‌ಗೆ ಹೋಗುತ್ತಾರೆ ಎಂಬುದು ಅವರಿಗೂ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೂ ಗೊತ್ತು, ತಾಲ್ಲೂಕು ಕಚೇರಿಗೆ ಗೊತ್ತಿಲ್ಲ. ಈ ಮನೆಗಳ ಪಟ್ಟಿಯೂ, ಪ್ರತಿ ಮನೆಗೆ ಹೊಣೆಯಾದ ಒಬ್ಬರ ಹೆಸರೂ ಮೇ ತಿಂಗಳ ಸಾಮಾನ್ಯ ಸಭೆಯಲ್ಲಿ ಸಿದ್ಧವಾಗಬೇಕು. ಇಂತಹವರನ್ನು ಸ್ಥಳಾಂತರಿಸಬೇಕಾದದ್ದು ಹಗಲಿನಲ್ಲಿ, ನೀರು ಬರುವ ಮೊದಲು.

ಎಚ್ಚರಿಕೆ ಸಾರಲು ಸ್ವಚ್ಛ ವಾಹಿನಿಯ ಧ್ವನಿವರ್ಧಕಕ್ಕಿಂತ ಒಳ್ಳೆಯ ಸಾಧನವಿಲ್ಲ. ಅದರ ಚಾಲಕಿಯ ದನಿ ಪ್ರತಿ ಮನೆಗೂ ಪರಿಚಿತ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಸಂದೇಶವನ್ನು ಮಾತ್ರ ನೆಚ್ಚಬಾರದು. ವಿದ್ಯುತ್ ಹೋಗಿ ಮೊಬೈಲ್ ಗೋಪುರ ನಿಂತ ರಾತ್ರಿ ಬೇಕಾಗುವುದು ಡಂಗುರ ಮತ್ತು ಸೈಕಲ್. ಸಾರುವ ಮಾತು 'ಜಾಗರೂಕರಾಗಿರಿ' ಎಂದಿದ್ದರೆ ಅದರಿಂದ ಏನೂ ಆಗದು. ಯಾವ ಬೀದಿಯವರು, ಎಷ್ಟು ಗಂಟೆಯೊಳಗೆ, ಯಾವ ಶಾಲೆಗೆ, ಏನೇನು ಹಿಡಿದು ಬರಬೇಕೆಂದು ಇರಬೇಕು.

ಹೇಳಿದರೂ ಬಾರದವರನ್ನು ಹಟಮಾರಿಗಳೆಂದು ಬೈಯುವುದು ಸುಲಭ. ಅವರು ಬಾರದಿರುವುದಕ್ಕೆ ಬಹುಮಟ್ಟಿಗೆ ಕಾರಣಗಳಿವೆ. ಮೊದಲನೆಯದು ದನಕರು. ಕಾಳಜಿ ಕೇಂದ್ರದಲ್ಲಿ ಮನುಷ್ಯರಿಗೆ ಅನ್ನವಿದೆ, ಹಸುವಿಗೆ ಹುಲ್ಲಿಲ್ಲ. ಹಾಗಿರುವಾಗ ಹಾಲು ಮಾರಿ ಬದುಕುವವರು ಕೊಟ್ಟಿಗೆ ಬಿಟ್ಟು ಬರಲಾರರು. ಎತ್ತರದ ಜಾಗದಲ್ಲಿ ಗೂಟ, ನೀರಿನ ತೊಟ್ಟಿ, ಒಂದಿಷ್ಟು ಒಣಹುಲ್ಲು ಸಿದ್ಧವಿದ್ದರೆ ಅರ್ಧ ವಾದ ಅಲ್ಲಿಯೇ ಮುಗಿಯುತ್ತದೆ. ಹೊರಡುವ ಗಳಿಗೆಯಲ್ಲಿ ದನಗಳ ಹಗ್ಗ ಬಿಚ್ಚಿಬಿಡಬೇಕೆಂಬುದನ್ನು ಪದೇ ಪದೇ ಹೇಳಬೇಕು. ಕಟ್ಟಿದ ದನಕ್ಕೆ ಈಜಿ ಪಾರಾಗುವ ದಾರಿಯಿಲ್ಲ. ಎರಡನೆಯದು ಕಳ್ಳತನದ ಭಯ. ಬೀದಿಗೆ ಇಬ್ಬರಂತೆ ಯುವಕರನ್ನು ಎತ್ತರದ ಕಟ್ಟಡದಲ್ಲಿ ಕಾವಲಿಗಿರಿಸಿ, ಬೀಟ್ ಪೊಲೀಸರಿಗೆ ತಿಳಿಸಬಹುದು. ಮೂರನೆಯದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ: ಕಾಳಜಿ ಕೇಂದ್ರದ ಶೌಚಾಲಯ. ಬೀಗ ಹಾಕಿದ, ನೀರಿಲ್ಲದ ಶೌಚಾಲಯವಿರುವ ಶಾಲೆಗೆ ಹೆಣ್ಣುಮಕ್ಕಳು ಬರಲು ಹಿಂಜರಿಯುತ್ತಾರೆ. ಅಲ್ಲಿ ಅಕ್ಕಿ, ಬೇಳೆಗಿಂತ ಮೊದಲು ಪರಿಶೀಲಿಸಬೇಕಾದದ್ದು ಅದನ್ನೇ.

ಗಾಳಿಯ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ತಗಡಿನ ಮಾಡಿನ ಸಡಿಲ ಮೊಳೆ, ಶಾಲೆಯ ಮೇಲೆ ವಾಲಿದ ಮರದ ಕೊಂಬೆ, ತೋಟದ ಮೇಲೆ ಜೋತುಬಿದ್ದ ತಂತಿ ಇವುಗಳನ್ನು ಮೊದಲೇ ಗುರುತಿಸಿ ಮೆಸ್ಕಾಂ ಹಾಗೂ ಅರಣ್ಯ ಇಲಾಖೆಗೆ ಬರೆಯಬೇಕು. ಬಿದ್ದ ತಂತಿಯನ್ನು ಯಾರೂ ಮುಟ್ಟದೆ 1912ಕ್ಕೆ ಕರೆ ಮಾಡಬೇಕು. ನವೆಂಬರಿನ ಮಳೆಯಾದರೆ ಕೊಯ್ದ ಭತ್ತವೂ ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯೂ ಹೊರಗಿರುತ್ತವೆ. ಎರಡು ದಿನ ಮೊದಲೇ ತಿಳಿಸಿದರೆ ಒಂದು ಕುಟುಂಬದ ವರ್ಷದ ದುಡಿಮೆ ಉಳಿಯುತ್ತದೆ.

ಕೆರೆ ಏರಿಯ ಮೇಲಿನ ಕಣ್ಣು

ನದಿಯಿಂದ ದೂರವಿರುವ ಪಂಚಾಯಿತಿಗಳಿಗೆ ಅಪಾಯ ಬರುವುದು ಕೆರೆಯಿಂದ. ಒಂದು ಚದರ ಕಿ.ಮೀ. ಜಲಾನಯನದ ಮೇಲೆ 100 ಮಿ.ಮೀ. ಮಳೆಯೆಂದರೆ 10 ಕೋಟಿ ಲೀಟರ್ ನೀರು. ನೆಲ ಮೊದಲೇ ನೆನೆದಿದ್ದರೆ ಅದರ ಹೆಚ್ಚಿನ ಪಾಲು ಕೆರೆಗೇ ಇಳಿಯುತ್ತದೆ. ಕೋಡಿಯಲ್ಲಿ ಬೆಳೆದ ಗಿಡಗಂಟಿ ಅಥವಾ ಮೀನು ಹಿಡಿಯಲು ಅಡ್ಡ ಕಟ್ಟಿದ ಬಲೆ ಅಲ್ಪವೆಂದು ತೋರಬಹುದು. ಕೋಡಿ ಹರಿಯದಿದ್ದರೆ ನೀರು ಏರಿಯ ಮೇಲೆ ಹಾಯುತ್ತದೆ, ಮಣ್ಣಿನ ಏರಿ ಅದನ್ನು ಹೆಚ್ಚು ಹೊತ್ತು ತಡೆಯಲಾರದು. ಏರಿಯ ಹಿಂಬದಿಯಲ್ಲಿ ತಿಳಿನೀರು ಜಿನುಗುವುದು ಸಾಮಾನ್ಯ. ಜಿನುಗುವ ನೀರು ಕೆಂಪಾಗಿ, ಮಣ್ಣುಮಿಶ್ರಿತವಾಗಿ ಬರತೊಡಗಿದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಆಗ ಮೊದಲು ಕೆಳಗಿನ ಮನೆಗಳನ್ನು ತೆರವುಗೊಳಿಸಿ, ಅನಂತರ ಎಂಜಿನಿಯರಿಗೆ ಕರೆ ಮಾಡಬೇಕು, ಕ್ರಮ ತಿರುಗುಮುರುಗಾಗಬಾರದು.

ನೀರು ಇಳಿದ ಮೇಲೆ

ಮುಳುಗಿದ ತೆರೆದ ಬಾವಿಯ ನೀರನ್ನು ತೆಗೆದು, ಮತ್ತೆ ತುಂಬಿದ ಬಳಿಕ ಬ್ಲೀಚಿಂಗ್ ಪುಡಿ ಹಾಕಬೇಕು. ಎರಡು ಮೀಟರ್ ವ್ಯಾಸ, ನಾಲ್ಕು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 12,560 ಲೀಟರ್ ಇರುತ್ತದೆ. ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಪುಡಿ 31 ಗ್ರಾಂ ಸಾಕೆಂದು ಪುಸ್ತಕದ ಲೆಕ್ಕ. ಪ್ರವಾಹದ ಕದಡಿದ ನೀರಿಗೆ ಇದು ಸಾಲುವುದಿಲ್ಲ. ಒಂದು ಗಂಟೆಯ ನಂತರ ಕ್ಲೋರೋಸ್ಕೋಪಿನಲ್ಲಿ ಲೀಟರಿಗೆ 0.5 ಮಿ.ಗ್ರಾಂ ಉಳಿಕೆ ಕ್ಲೋರಿನ್ ಕಾಣುವವರೆಗೆ ಪ್ರಮಾಣ ಹೆಚ್ಚಿಸಬೇಕು. ಕೆಸರು ತೆಗೆಯುವ ಪೌರ ಕಾರ್ಮಿಕರಿಗೆ ಬೂಟು ಕೊಡದಿದ್ದರೆ ಇಲಿಜ್ವರದ ಅಪಾಯವನ್ನು ಪಂಚಾಯಿತಿಯೇ ಅವರ ಮೇಲೆ ಹೊರಿಸಿದಂತೆ. ಮುನ್ನೆಚ್ಚರಿಕೆಯ ಮಾತ್ರೆಯ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಸಲಹೆ ಪಡೆಯಬೇಕು.

ಪರಿಹಾರದ ವಿಷಯದಲ್ಲಿ 2019ರ ಅನುಭವ ಗಮನಾರ್ಹ. ಆ ವರ್ಷ ನೀರು ನುಗ್ಗಿದ ಮನೆಗಳಿಗೆ ತಕ್ಷಣದ ನೆರವಾಗಿ ₹10,000 ನೀಡಲಾಯಿತು; ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಎ ಮತ್ತು ಸಿ ವರ್ಗಗಳ ನಡುವಿನ ಅಂತರ ಲಕ್ಷಗಳಲ್ಲಿದ್ದುದರಿಂದ, ಗೋಡೆ ಬಿದ್ದ ದಿನದ ಚಿತ್ರಕ್ಕೆ ಮಹತ್ವ ಬಂದಿತು. ಮಣ್ಣಿನ ಗೋಡೆ ಮಳೆ ನಿಂತು ಬಿಸಿಲು ಬಂದ ಬಳಿಕ ಕುಸಿಯುವುದುಂಟು; ಮೊದಲ ದಿನದ ಪಂಚನಾಮೆಯಲ್ಲಿ 'ಭಾಗಶಃ' ಎಂದು ಬರೆದ ಮನೆ ಹತ್ತನೆಯ ದಿನ ನೆಲಸಮವಾಗಿರಬಹುದು. ಗ್ರಾಮ ಆಡಳಿತ ಅಧಿಕಾರಿ ಮತ್ತು ಎಂಜಿನಿಯರ್ ಬರುವಾಗ ಸದಸ್ಯರು ಜೊತೆಗಿದ್ದು, ಮರುಪರಿಶೀಲನೆ ಬೇಕಾದ ಮನೆಗಳ ಪಟ್ಟಿಯನ್ನು ಲಿಖಿತವಾಗಿ ಸಲ್ಲಿಸಬೇಕು. ಸತ್ತ ಜಾನುವಾರನ್ನು ಹೂಳುವ ಮೊದಲು ಪಶುವೈದ್ಯರ ದೃಢೀಕರಣ ಪಡೆಯಬೇಕು.

ಗೋಡೆಯ ಮೇಲಿನ ಕೆಸರಿನ ಗೆರೆ ಒಂದೆರಡು ಮಳೆಗೆ ಅಳಿಸಿಹೋಗುತ್ತದೆ. ಅದು ಅಳಿಯುವ ಮುನ್ನ ಶಾಲೆ, ದೇವಸ್ಥಾನ, ನ್ಯಾಯಬೆಲೆ ಅಂಗಡಿ ಹೀಗೆ ನಾಲ್ಕಾರು ಕಡೆ ಬಣ್ಣದಲ್ಲಿ ಗೆರೆ ಎಳೆದು ದಿನಾಂಕ ಬರೆಸಬೇಕು. ಹೊಸ ಮನೆಗೆ ಪರವಾನಗಿ ಕೋರಿದ ಅರ್ಜಿ ಸಭೆಯ ಮುಂದೆ ಬಂದಾಗ, ತಳಪಾಯದ ಎತ್ತರವನ್ನು ಆ ಗೆರೆಯೊಂದಿಗೆ ಹೋಲಿಸಿ ನೋಡಬಹುದು.