ತೊಟ್ಟಿಗೆ ಮುಚ್ಚಳ ಹಾಕಿದ ಮೇಲೆ

ಹಳೆಯ ಮನೆಯನ್ನು ವಿದ್ಯುತ್ತಿನ ಮಿತವ್ಯಯಕ್ಕೆ ಒಗ್ಗಿಸಲು ಹೊರಟವರಿಗೆ ನಾನು ಹೇಳಬೇಕಾದುದು ಇಷ್ಟೇ: ತಾಪವನ್ನು ತಡೆಯುವ ಕಾರ್ಯ ಬೇರೆ, ಗಾಳಿಯನ್ನು ತಡೆಯುವ ಕಾರ್ಯ ಬೇರೆ, ಎರಡನ್ನೂ ಒಂದೆಂದೇ ಬಗೆಯುವ ಗುತ್ತಿಗೆದಾರನನ್ನು ಹೊಸ್ತಿಲು ದಾಟಗೊಡಬೇಡಿ. ಈ ಮಾತನ್ನು ನನ್ನ ತಮ್ಮನಿಗೆ ಕೆಲಸ ಆರಂಭವಾಗುವ ಮೊದಲೇ ಹೇಳಿದ್ದೆನೆಂಬುದಕ್ಕೆ ಮನೆಮಂದಿಯೆಲ್ಲ ಸಾಕ್ಷಿ.

ಮೈಸೂರಿನ ನಮ್ಮ ಮನೆ ತೊಟ್ಟಿಯ ಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕಂಬಸಾಲಿನ ಪಡಸಾಲೆ, ಮೇಲೆ ಮಂಗಳೂರು ಹೆಂಚು, ಪ್ರತಿಯೊಂದು ಕೋಣೆಯ ಗೋಡೆಯ ನೆತ್ತಿಯಲ್ಲಿ ಒಂದೊಂದು ಗವಾಕ್ಷ. ಕಾದ ಗಾಳಿ ಹಗುರಾಗಿ ಗವಾಕ್ಷಗಳಿಂದಲೂ ತೊಟ್ಟಿಯಿಂದಲೂ ಮೇಲೇರಿ ಹೊರಟುಹೋಗುವುದೂ, ತೆರವಾದ ಆ ಸ್ಥಾನವನ್ನು ತುಂಬಲು ಬೀದಿಯ ಕಡೆಯಿಂದಲೂ ಹಿತ್ತಿಲ ಕಡೆಯಿಂದಲೂ ತಂಪುಗಾಳಿ ನುಗ್ಗಿಬರುವುದೂ, ಯಾವ ಯಂತ್ರದ ಸಹಾಯವೂ ಇಲ್ಲದೆ ಹಗಲಿರುಳು ನಡೆಯುತ್ತಿದ್ದ ವ್ಯಾಪಾರ. ಇದನ್ನೆಲ್ಲ ನನ್ನ ತಮ್ಮ 'ಸೋರಿಕೆ' ಎಂದು ಕರೆದನು. ಅವನು ಕರೆತಂದ ಗುತ್ತಿಗೆದಾರನು ತೊಟ್ಟಿಯ ಮೇಲೆ ಪಾಲಿಕಾರ್ಬೊನೇಟ್ ಹಾಳೆಯನ್ನು ಹೊದಿಸಿ, ಗವಾಕ್ಷಗಳಿಗೆ ಇಟ್ಟಿಗೆ ತುಂಬಿ, ಕಿಟಕಿಗಳಿಗೆಲ್ಲ ರಬ್ಬರಿನ ಅಂಚು ಕೂರಿಸಿ, ಹೆಂಚಿನ ಕೆಳಗೆ ಗಾಜಿನ ಉಣ್ಣೆಯ ಪದರವನ್ನೂ ಸುಳ್ಳು ಚಾವಣಿಯನ್ನೂ ನಿರ್ಮಿಸಿ, ಮಲಗುವ ಕೋಣೆಗಳಿಗೆ ಏಸಿಯನ್ನು ಜೋಡಿಸಿದನು. ಬಚ್ಚಲುಮನೆಯ ತಾಮ್ರದ ಹಂಡೆ ಅಟ್ಟ ಸೇರಿತು. ಅದರ ಜಾಗದಲ್ಲಿ ಗ್ಯಾಸ್ ಗೀಸರನ್ನು ನೇತುಹಾಕಿ, ಅದರ ಹೊಗೆಕೊಳವೆಯನ್ನು ಹಂಡೆಯೊಲೆಯ ಹಳೆಯ ಹೊಗೆಗಂಡಿಗೆ ತೂರಿಸಿ, ಸುತ್ತಲಿನ ಸಂದನ್ನು ಸಿಮೆಂಟಿನಿಂದ ಮೆತ್ತಿದರು.

ನ್ಯಾಯವಾಗಿ ಹೇಳುವುದಾದರೆ ಗಾಜಿನ ಉಣ್ಣೆಯ ಕೆಲಸ ಯುಕ್ತವಾದುದೇ. ಚೈತ್ರ ವೈಶಾಖಗಳಲ್ಲಿ ಹೆಂಚಿನ ಮನೆಗೆ ತಾಪ ಮುಖ್ಯವಾಗಿ ಮಾಡಿನಿಂದಲೇ ಇಳಿಯುತ್ತದೆಯಾದುದರಿಂದ ಅಲ್ಲಿ ತಡೆ ಹಾಕಿದುದು ಫಲಿಸಿತು. ಆದರೆ ಗೋಡೆಗೆ ತೂಗುವ ಏಸಿಯು ಸಾಮಾನ್ಯವಾಗಿ ಹೊರಗಿನ ಗಾಳಿಯನ್ನು ಒಳಕ್ಕೆ ತರುವುದಿಲ್ಲ. ಕೋಣೆಯೊಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಣಿಸಿ ನಮಗೆ ಉಣಬಡಿಸುತ್ತದೆ ಎಂಬುದು ಎಷ್ಟು ಮಂದಿಗೆ ತಿಳಿದಿದೆ? ಒಳಗಿನ ತೇವಕ್ಕೂ ಹೊರಹೋಗಲು ದಾರಿಯಿಲ್ಲದೆ, ಆಷಾಢ ಬರುವಷ್ಟರಲ್ಲಿ ಪ್ಲಾಸ್ಟಿಕ್ ಬಣ್ಣ ಬಳಿದ ಗಾರೆಗೋಡೆಯ ಮೇಲೆ, ಬೀರುವಿನ ಬೆನ್ನಿಗೆ, ಕರಿಯ ಬೂಷ್ಟು ಹರಡಿತು. 'ಮಳೆಗಾಲವಲ್ಲವೇ ಅಣ್ಣಾ' ಎಂದನು ತಮ್ಮ.

ಧನುರ್ಮಾಸದ ಒಂದು ಬೆಳಗಿನ ಜಾವ. ಚಳಿಯೆಂದು ಬಾಗಿಲು ಕಿಟಕಿಗಳೆಲ್ಲ ಭದ್ರವಾಗಿದ್ದವು. ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಹುಗ್ಗಿಗೆ ಒಗ್ಗರಣೆ ಹಾಕುತ್ತ ಚಿಮಣಿಯನ್ನು ಪೂರ್ಣ ವೇಗದಲ್ಲಿ ಓಡಿಸಿದ್ದಳು. ನನ್ನ ಪತ್ನಿ ಸ್ನಾನಕ್ಕೆ ಹೋಗಿದ್ದಳು. ನಾನು ಪಡಸಾಲೆಯಲ್ಲಿ ಪೂಜೆಗೆ ಹೂ ಬಿಡಿಸುತ್ತಿದ್ದೆನು. ನೀರಿನ ಶಬ್ದ ಕೇಳಿಸುತ್ತಲೇ ಇತ್ತು. ಆದರೆ ಸ್ನಾನ ಮಾಡುವವರ ನೀರು ತಡೆತಡೆದು ಬೀಳಬೇಕಷ್ಟೆ, ಇದು ಒಂದೇ ಸಮನೆ ಸುರಿಯುತ್ತಿತ್ತು. ಕೂಗಿದೆ, ಉತ್ತರವಿಲ್ಲ. ಕದ ಬಡಿದೆ, ಉತ್ತರವಿಲ್ಲ. ತಮ್ಮನು ಓಡಿಬಂದು 'ಅತ್ತಿಗೇ, ಅತ್ತಿಗೇ' ಎನ್ನುತ್ತ ಭುಜವೊಡ್ಡಿ ನೂಕಿದರೂ ಆ ಹೊಸ ಕದ ಅಲುಗಲಿಲ್ಲ. ಗುತ್ತಿಗೆದಾರನು ಇಡೀ ಮನೆಯಲ್ಲಿ ಗಟ್ಟಿಯಾಗಿ ಮಾಡಿದ ಕೆಲಸ ಅದೊಂದೇ. ಕೊನೆಗೆ ಹಾರೆ ತಂದು ಮೀಟಿದೆವು. ಒಳಗೆಲ್ಲ ಹಬೆ. ಅವಳು ಗೋಡೆಗೊರಗಿ ಕುಸಿದಿದ್ದಳು. ಕಣ್ಣು ಅರೆತೆರೆದಿತ್ತು, ಗುರುತಿರಲಿಲ್ಲ. ಗೀಸರಿನ ಕಿಂಡಿಯಲ್ಲಿ ನೀಲಿಯಾಗಿರಬೇಕಾದ ಉರಿ ಹಳದಿಯಾಗಿ ನಾಲಗೆ ಚಾಚುತ್ತಿತ್ತು. 'ಮೊದಲು ಗ್ಯಾಸ್ ಆರಿಸೋ!' ಎಂದು ಕೂಗಿದೆನು. ನಮ್ಮ ಮನೆಯಲ್ಲಿ ಯಾರಿಗೆ ತಲೆಸುತ್ತು ಬಂದರೂ ತೊಟ್ಟಿಯಲ್ಲಿ ಮಲಗಿಸುವುದು ವಾಡಿಕೆಯಾದುದರಿಂದ ತಮ್ಮನು ಅವಳನ್ನು ಅಲ್ಲಿಗೇ ಎತ್ತಿ ತಂದನು. ತಲೆಯ ಮೇಲೆ ಅವನದೇ ಹಾಳೆ! 'ಇಲ್ಲಿ ಗಾಳಿಯೆಲ್ಲಿದೆಯೋ? ಜಗಲಿಗೆ ನಡೆ' ಎಂದೆನು. ಒದ್ದೆ ಸೀರೆಯಲ್ಲೇ ಕಂಬಳಿ ಹೊದಿಸಿ ಬೀದಿಯ ಜಗಲಿಯ ಮೇಲೆ ಮಲಗಿಸಿದೆವು. ಬಹಳ ಹೊತ್ತಿನ ಮೇಲೆ ವಾಂತಿಯಾಯಿತು. ಆಮೇಲೆ ಕಣ್ಣು ಬಿಟ್ಟು 'ಹೂ ಬಿಡಿಸಿದಿರಾ?' ಎಂದಳು.

ಹತ್ತಿರದ ನರ್ಸಿಂಗ್ ಹೋಮಿನ ತರುಣ ವೈದ್ಯನು ಬೆರಳಿಗೆ ಯಂತ್ರ ಸಿಕ್ಕಿಸಿ, 98 ಎಂದು ಓದಿ, 'ಆಕ್ಸಿಜನ್ ಚೆನ್ನಾಗಿದೆ, ಉಪವಾಸದ ನಿಶ್ಶಕ್ತಿ' ಎಂದು ತೀರ್ಪಿತ್ತನು. ಹಿರಿಯ ವೈದ್ಯೆಯೊಬ್ಬರು ಬಂದು 'ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯೇ?' ಎಂದು ಕೇಳದೆ ಹೋಗಿದ್ದರೆ ಆ ತೀರ್ಪೇ ಉಳಿಯುತ್ತಿತ್ತು. ಗೀಸರಿನ ಆ ಹಳದಿ ಉರಿಯಿಂದ ಹುಟ್ಟಿದ ವಿಷ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಅನಿಲಕ್ಕೆ ಬೆರೆಸುವ ದುರ್ಗಂಧವೂ ಉರಿಯಲ್ಲಿ ಸುಟ್ಟುಹೋಗಿರುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ; ಬೆರಳಿನ ಸಾಧಾರಣ ಯಂತ್ರಕ್ಕೆ ಈ ಎರಡರ ಭೇದವೇ ತಿಳಿಯದು. ಸಾಮಾನ್ಯ ಗಾಳಿಯಲ್ಲಿ ಆ ವಿಷದ ಅರ್ಧಾಂಶ ಇಳಿಯಲು ನಾಲ್ಕೈದು ತಾಸು ಬೇಕು; ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ತಾಸು. ಆಕೆ ಅದನ್ನೇ ಕೊಡಿಸಿದರು.

'ಗೀಸರಿಗೆ ಹೊಗೆಕೊಳವೆ ಇತ್ತಲ್ಲ!' ಎಂಬುದು ತಮ್ಮನ ವಾದ. ಇತ್ತು, ಅದೇ ವಿಪರೀತವಾದುದು. ಅಡುಗೆಮನೆಯ ಚಿಮಣಿ ಗಂಟೆಗೆ 1000 ಘನ ಮೀಟರಿನಷ್ಟು ಗಾಳಿಯನ್ನು ಹೊರದೂಡಬಲ್ಲುದು. ಹೊರಹೋದಷ್ಟು ಎಲ್ಲಿಂದಲಾದರೂ ಒಳಬರಲೇಬೇಕು. ಸಂದುಗೊಂದುಗಳನ್ನೆಲ್ಲ ಮುಚ್ಚಿದ ಮನೆಯಲ್ಲಿ ಅದಕ್ಕೆ ಉಳಿದಿದ್ದ ದಾರಿ ಗೀಸರಿನ ಕೊಳವೆ. ಮೇಲೇರಬೇಕಾದ ಹೊಗೆಯನ್ನು ಒಳಬರುವ ಗಾಳಿ ಬಚ್ಚಲಿಗೇ ತಳ್ಳಿತು.

ಈಗ ಗೀಸರ್ ಹೊರಗೋಡೆಗೆ ಹೋಗಿದೆ. ಗವಾಕ್ಷಗಳ ಇಟ್ಟಿಗೆ ಕೀಳಿಸಿ ಸೊಳ್ಳೆಬಲೆ ಹಾಕಿಸಿದ್ದೇನೆ. ತೊಟ್ಟಿಯ ಹಾಳೆಯನ್ನು ಮಾಡಿಗಿಂತ ಒಂದು ಮೊಳ ಎತ್ತರಿಸಿ ನಾಲ್ಕೂ ಪಕ್ಕ ಬಯಲು ಬಿಡಿಸಿದ್ದೇನೆ. ಮಳೆ ನಿಲ್ಲುತ್ತದೆ, ಗಾಳಿ ನಿಲ್ಲುವುದಿಲ್ಲ. ಚಿಮಣಿ ಓಡುವಾಗ ಅಡುಗೆಮನೆಯ ಕಿಟಕಿ ತೆರೆದಿರಬೇಕೆಂಬುದು ಮನೆಯ ಕಟ್ಟಳೆ. ತೆರೆಯಬಲ್ಲ ಕಿಟಕಿಗಳ ವಿಸ್ತಾರ ಒಣಸೆಕೆಯ ಸೀಮೆಯಲ್ಲಿ ನೆಲದ 1/10, ಆರ್ದ್ರಸೆಕೆಯ ಸೀಮೆಯಲ್ಲಿ 1/6 ಭಾಗಕ್ಕೆ ಕಡಿಮೆಯಿರಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯೇ ಹೇಳುತ್ತದೆ, ಅಳೆದು ನೋಡಿಕೊಳ್ಳಿ. ಏಸಿಯ ಖರ್ಚು ತುಸು ಏರಿದೆಯೆಂದು ತಮ್ಮನು ಬಿಲ್ಲನ್ನು ಪ್ರತಿ ತಿಂಗಳೂ ನನ್ನ ಮೇಜಿನ ಮೇಲಿಟ್ಟು ಹೋಗುತ್ತಾನೆ, ನಾನೇ ಕಟ್ಟುತ್ತೇನೆ.

ಗುತ್ತಿಗೆದಾರನು ಗವಾಕ್ಷ ಮುಚ್ಚಿದ ಕೂಲಿಯ ಬಾಕಿಗಾಗಿ ಇನ್ನೂ ಆಳು ಕಳುಹಿಸುತ್ತಿದ್ದಾನೆ. ಕಿತ್ತ ಇಟ್ಟಿಗೆಗಳು ಹಿತ್ತಿಲಲ್ಲಿ ಒಟ್ಟಿವೆ; ಬೇಕಾದರೆ ಬಂದು ಒಯ್ಯಲಿ, ಕಾಸು ಮಾತ್ರ ಹುಟ್ಟುವುದಿಲ್ಲ.